ತಮ್ಮನವರು ಬರೆದ ಅಣ್ಣನ ನಾಟಕ

ಆ ಮೂರು ಮಹಡಿಯ ಕಟ್ಟಡದಲ್ಲಿ ಎಲ್ಲರೂ ಅವರನ್ನು ‘ತಮ್ಮನವರು’ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಹಿರಿಯರಾದ ಮೇಲ್ಮನೆಯ ಡ್ರಿಲ್ ಮಾಸ್ತರೂ ‘ಏನ್ರೀ ತಮ್ಮನವರೇ’ ಎನ್ನುತ್ತಿದ್ದರು, ಪೇಪರ್ ಹಾಕುವವನೂ ಹಾಗೇ ಕೂಗುತ್ತಿದ್ದ. ಕಾರಣ, ಅವರ ಅಣ್ಣ. ಅಣ್ಣ ಎಂದರೆ ಅಂತಿಂಥ ಅಣ್ಣನಲ್ಲ. ರಂಗಭೂಮಿಯಲ್ಲೂ ಸಿನಿಮಾದಲ್ಲೂ ದೊಡ್ಡ ಹೆಸರು ಮಾಡಿದ ನಿರ್ದೇಶಕ. ಅಂಥವನಿಗೆ ತಮ್ಮನಾಗಿರುವುದೇ ಒಂದು ಪೂರ್ಣಾವಧಿ ಉದ್ಯೋಗ. ತಮ್ಮನವರು ಅದರ ಜೊತೆಗೆ ಅಳತೆ-ತೂಕದ ಇಲಾಖೆಯಲ್ಲಿ ಇನ್ನೊಂದು ಉದ್ಯೋಗವನ್ನೂ ಮಾಡಿ ನಿವೃತ್ತರಾಗಿದ್ದರು.

ಇಲಾಖೆಯ ಕೆಲಸ ಸರಳವಾಗಿತ್ತು. ಅಂಗಡಿಗೆ ಹೋಗಬೇಕು, ತಕ್ಕಡಿ ನೋಡಬೇಕು, ಸರಿಯಿದ್ದರೆ ಮೊಹರು ಒತ್ತಬೇಕು, ಇಲ್ಲದಿದ್ದರೆ ‘ನಿಮ್ಮ ತಕ್ಕಡಿ ಸರಿಯಿಲ್ಲ’ ಎನ್ನಬೇಕು. ನೋಡುವುದರಲ್ಲಿ, ಒತ್ತುವುದರಲ್ಲಿ ತಮ್ಮನವರನ್ನು ಮೀರಿಸುವವರಿರಲಿಲ್ಲ. ಅನ್ನುವ ಹೊತ್ತು ಬಂದರೆ ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿ, ಕಿವಿ ಕೆಂಪಾಗಿ, ಕೊನೆಗೆ ಅಂಗಡಿಯವನೇ ಕನಿಕರಪಟ್ಟು ‘ಸ್ವಲ್ಪ ನೀರು ಕುಡೀರಿ ಸಾರ್’ ಎನ್ನುವ ಹಾಗಾಗುತ್ತಿತ್ತು. ಕಚೇರಿಗೆ ವಾಪಸು ಬಂದು ಒಂದು ನೋಟಿಸು ಕಳಿಸಿದರೆ ಅವರ ಪಾಲಿನ ನ್ಯಾಯ ಮುಗಿಯಿತು.

ಇದಕ್ಕೆ ಅವರೊಂದು ಉಪಾಯ ಕಂಡುಕೊಂಡಿದ್ದರು. ಯಾರಿಗೆ ಏನು ಹೇಳಬೇಕಾಗಿದ್ದರೂ ಮೊದಲು ಬರೆದುಕೊಳ್ಳುವುದು. ತಾವು ಹೇಳಬೇಕಾದದ್ದಷ್ಟೇ ಅಲ್ಲ. ಅದಕ್ಕೆ ಎದುರಿನವರು ಏನೆನ್ನಬಹುದು, ಆಗ ತಾವೇನು ಅನ್ನಬೇಕು, ಅದನ್ನು ಕೇಳಿ ಅವರು ಹೇಗೆ ತಣ್ಣಗಾಗಬಹುದು, ಎಲ್ಲವನ್ನೂ. ಒಂದು ಸಾಲು ‘ನಾನು’, ಒಂದು ಸಾಲು ‘ಅವರು’. ನಡುನಡುವೆ ‘ಇಲ್ಲಿ ಸ್ವಲ್ಪ ನಗಬೇಕು’, ‘ಇಲ್ಲಿ ಕೆಳಗೆ ನೋಡಬಾರದು’ ಎಂಬಂಥ ಸೂಚನೆಗಳು. ಬರೆದು, ತಿದ್ದಿ, ಮಡಚಿ ಜೇಬಿಗಿಟ್ಟುಕೊಂಡು ಗಂಭೀರವಾಗಿ ಹೊರಡುತ್ತಿದ್ದರು. ಹೋಗಿ, ಎದುರಿಗೆ ನಿಂತು, ‘ಏನಿಲ್ಲ, ಸುಮ್ನೆ ಹೀಗೇ ಬಂದೆ’ ಎಂದು ಹೇಳಿ ಹಿಂತಿರುಗುತ್ತಿದ್ದರು. ಆ ಹಾಳೆ ಮೆಟ್ಟಿಲ ಕೆಳಗಿನ ಕೋಣೆಯ ಒಂದು ರಟ್ಟಿನ ಪೆಟ್ಟಿಗೆ ಸೇರುತ್ತಿತ್ತು. ಹೀಗೆ ಅವರು ಜೀವಮಾನವಿಡೀ ಅನೇಕರನ್ನು ತರಾಟೆಗೆ ತೆಗೆದುಕೊಂಡಿದ್ದರು. ತೆಗೆದುಕೊಂಡದ್ದು ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಹಾಳೆಗಳು ಅಣ್ಣನವು. ಅಣ್ಣನ ಮನೆಯಲ್ಲಿ ಜಾಗವಿಲ್ಲವೆಂದು ಅವನ ಹಳೆಯ ಕಾಗದಪತ್ರವೆಲ್ಲ ಇದೇ ಕೋಣೆಗೆ ಬಂದು ಬಿದ್ದಿತ್ತು: ನಾಟಕದ ಪ್ರತಿಗಳು, ಬೆಳಕಿನ ನಕ್ಷೆಗಳು, ವೇಷಭೂಷಣದ ಚಿತ್ರಗಳು, ಚಿತ್ರೀಕರಣದ ವೇಳಾಪಟ್ಟಿಗಳು. ವೇಳಾಪಟ್ಟಿಯ ಹಾಳೆಗಳು ರಾಶಿ ರಾಶಿ, ಅಚ್ಚಾಗಿದ್ದದ್ದು ಒಂದೇ ಮಗ್ಗುಲು. ಇನ್ನೊಂದು ಮಗ್ಗುಲನ್ನು ಸುಮ್ಮನೆ ಬಿಡುವ ಜಾಯಮಾನ ತಮ್ಮನವರದಲ್ಲ. ಅಕ್ಷರವಂತೂ, ಅಣ್ಣ-ತಮ್ಮ ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಒಂದೇ ರೂಲುದೊಣ್ಣೆ ತೋರಿಸಿ ಅಪ್ಪ ತಿದ್ದಿಸಿದ್ದು. ಯಾರದು ಯಾವುದೆಂದು ಅಪ್ಪನಿಗೇ ತಿಳಿಯದೆ, ತಪ್ಪು ಕಂಡಾಗಲೆಲ್ಲ ಇಬ್ಬರಿಗೂ ಬೀಳುತ್ತಿತ್ತು.

ಅಣ್ಣ ತೀರಿಕೊಂಡು ವರ್ಷ ಕಳೆದ ಮೇಲೆ, ಅತ್ತಿಗೆ ಆ ಕಾಗದಪತ್ರವನ್ನೆಲ್ಲ ಪತ್ರಾಗಾರಕ್ಕೆ ಕೊಡಲು ಒಪ್ಪಿದರು. ಪತ್ರಾಗಾರದ ಮೇಡಂ ಒಂದು ವ್ಯಾನು, ಇಬ್ಬರು ಆಳುಗಳೊಡನೆ ಬಂದಿಳಿದರು. ಕಟ್ಟಡಕ್ಕೆ ಕಟ್ಟಡವೇ ಮೆಟ್ಟಿಲ ಮೇಲೆ ನೆರೆಯಿತು.

“ಅವರು ಇಲ್ಲಿಗೆ ಬರ್ತಿದ್ರಾ ಸಾರ್?” ಎಂದು ಮೇಡಂ ಕೇಳಿದರು.

ಅಣ್ಣ ಬರುತ್ತಿದ್ದದ್ದು ಪೆಟ್ಟಿಗೆ ಇಳಿಸಲು ಮಾತ್ರ; ಅದೂ ಕಾರಿನಿಂದ ಇಳಿಯದೆ. ಆದರೆ ಮೆಟ್ಟಿಲ ಮೇಲೆ ಡ್ರಿಲ್ ಮಾಸ್ತರು ನಿಂತಿದ್ದರು, ಕಟ್ಟಡದ ಸಂಘದ ಕಾರ್ಯದರ್ಶಿ ನಿಂತಿದ್ದರು, ಕೆಳಮನೆಯ ಟೈಲರಮ್ಮ ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ನಿಂತಿದ್ದರು. ತಮ್ಮನವರ ಬಾಯಿಂದ ಎಂದೂ ಇಲ್ಲದ ಸಲೀಸಿನಲ್ಲಿ ಒಂದು ಮಾತು ಹೊರಟಿತು: “ಬರ್ತಿದ್ದ ಅಂದ್ರೆ? ಕೊನೆಕೊನೆಗೆ ಬರೀತಿದ್ದದ್ದೇ ಇಲ್ಲಿ. ಈ ಮೇಜು ನೋಡಿ. ಇದರ ಮುಂದೇ ಕೂತ್ಕೋತಿದ್ದ. ಯಾರ ಹತ್ರಾನೂ ಮಾತಿಲ್ಲ.”

ಮೇಡಂ ಮೇಜಿನ ಫೋಟೋ ತೆಗೆದುಕೊಂಡರು. ತಮ್ಮನವರು ಮೇಜಿನ ಇತಿಹಾಸವನ್ನು ಇನ್ನಷ್ಟು ವಿಸ್ತರಿಸುತ್ತಿದ್ದಾಗ, ಬೆನ್ನ ಹಿಂದೆ ಅವರ ಹೆಂಡತಿ ಆಳುಗಳಿಗೆ ಹೇಳುತ್ತಿದ್ದರು: “ಎಲ್ಲಾ ಅವರದೇ ಕಣ್ರಪ್ಪಾ, ಒಂದು ಚೂರೂ ಬಿಡಬೇಡಿ. ಆ ಮೂಲೇಲಿರೋ ರಟ್ಟಿನ ಪೆಟ್ಟಿಗೇನೂ ಎತ್ತಿ. ಕೋಣೆ ಕಾಣೋದು ಯಾವಾಗ ಅಂತ ಕಾಯ್ತಾ ಇದೀನಿ ನಾನು.”

ಕೋಣೆ ಕಂಡಿತು. ಕೆಲವು ವಾರಗಳ ನಂತರ ಫೋನು ಬಂತು.

“ಸಾರ್, ನಿಮ್ಮ ಮನೇಲಿ ಒಂದು ನಿಧಿ ಇತ್ತು, ನಿಮಗೇ ಗೊತ್ತಿಲ್ಲ,” ಎಂದರು ಮೇಡಂ. “ನಿರ್ದೇಶಕರು ಬರೆದ ನಾಟಕ ಸಿಕ್ಕಿದೆ. ಯಾರೂ ನೋಡಿಲ್ಲದ್ದು! ವೇಳಾಪಟ್ಟಿ ಹಾಳೆಗಳ ಹಿಂದೆ ಬರೆದಿದಾರೆ. ಪ್ರೊಫೆಸರು ಓದಿ ಮೂರ್ಛೆ ಹೋಗೋದೊಂದು ಬಾಕಿ.”

ತಮ್ಮನವರು ರಿಸೀವರು ಇಟ್ಟು ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಮೂಲೆ ನೋಡಿದರು. ಮೂಲೆ ಇತ್ತು. ಮೂರ್ಛೆ ಹೋಗುವ ಸರದಿ ತಮ್ಮದೇ ಎಂದು ಅವರಿಗೆ ಅನ್ನಿಸಿತು.

ಮರುದಿನವೇ ಪತ್ರಾಗಾರಕ್ಕೆ ಓಡಿದರು. ಅದು ಉಸಿರಾಡಿದರೂ ಸದ್ದು ಕೇಳುವಂಥ ಜಾಗ. ಬಾಗಿಲಲ್ಲೇ ಪೆನ್ನು ಕಿತ್ತುಕೊಂಡು ಪೆನ್ಸಿಲ್ ಕೊಟ್ಟರು. ಚೀಲ ಕಪಾಟಿಗೆ ಹೋಯಿತು. ಒಳಗೆ ದೊಡ್ಡ ಮೇಜಿನ ಮೇಲೆ, ಮೆತ್ತನೆಯ ದಿಂಬಿನ ಮೇಲೆ, ಅವರು ನೀರಿನ ಮೋಟರಿನ ಬಗ್ಗೆ ಬರೆದಿದ್ದ ಹಾಳೆ ಮಲಗಿತ್ತು. ಅದರ ಮುಂದೆ ಬಿಳಿ ಕೈಗವಸು ತೊಟ್ಟ ಪ್ರೊಫೆಸರು ಕಣ್ಣು ಮುಚ್ಚಿ ಕೂತಿದ್ದರು. ಅಣ್ಣನ ಕಲೆಯ ಬಗ್ಗೆ ದಪ್ಪ ಪುಸ್ತಕ ಬರೆದವರು ಅವರೇ. ತಮ್ಮನವರು ತಮ್ಮ ಪೆಟ್ಟಿಗೆ ಕೇಳಿ ಪಡೆಯಬೇಕೆಂದು ಬಂದವರು. ಅವಸರದಲ್ಲಿ, ಕೇಳುವುದು ಹೇಗೆಂದು ಬರೆದುಕೊಂಡು ಬರುವುದನ್ನು ಮರೆತಿದ್ದರು.

“ಬನ್ನಿ, ಬನ್ನಿ! ಕೇಳಿ ಇದನ್ನ,” ಎಂದು ಪ್ರೊಫೆಸರು ಅವರನ್ನು ಕೂರಿಸಿಕೊಂಡು, ಇನ್ನೊಂದು ಹಾಳೆ ಎತ್ತಿಕೊಂಡು ಗದ್ಗದ ಕಂಠದಲ್ಲಿ ಓದತೊಡಗಿದರು: “ನಾನು: ಮೇಲಿನವರೇ, ತಮ್ಮ ಬಗ್ಗೆ ನನಗೆ ಗೌರವವಿದೆ. ಆದರೆ ಬೆಳಗಿನ ಜಾವ ತಾವು ಅಲ್ಲಿ ಕುಣಿದರೆ ಇಲ್ಲಿ ನನ್ನ ತಲೆಯ ಮೇಲೆ ಕುಣಿದ ಹಾಗಾಗುತ್ತದೆ. ದಯವಿಟ್ಟು ಸ್ವಲ್ಪ ಮೆಲ್ಲಗೆ. ಮೇಲಿನವರು: ಹೌದೇ? ಕೆಳಗೆ ಯಾರಾದರೂ ಇದ್ದಾರೆಂದು ನನಗೆ ಹೊಳೆದೇ ಇರಲಿಲ್ಲ.”

ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. “ಕೆಳಗೆ ಯಾರಾದ್ರೂ ಇದಾರೆ ಅಂತ ದೇವರಿಗೇ ಹೊಳೆದಿಲ್ಲ! ಮನುಷ್ಯನ ಪಾಡನ್ನ ಇದಕ್ಕಿಂತ ಚಿಕ್ಕದಾಗಿ ಯಾರು ಹೇಳಿದಾರೆ ಹೇಳಿ?”

“ಅದು... ನಮ್ಮ ಮೇಲ್ಮನೆ...” ಎಂದು ತಮ್ಮನವರು ತೊದಲಿದರು.

“ಮೇಲ್ಮನೆ! ಸರಿಯಾದ ಮಾತು ಹೇಳಿದ್ರಿ. ದೇವರಿರೋದು ಮೇಲ್ಮನೇಲಿ, ನಾವು ಬಾಡಿಗೆದಾರರು. ಇಲ್ಲಿ ನೋಡಿ: ‘ಟ್ಯಾಂಕು ತುಂಬಿ ಹರಿಯುತ್ತಿದೆ, ಎಲ್ಲರಿಗೂ ಕೇಳಿಸುತ್ತಿದೆ, ಯಾರೂ ಎದ್ದು ನಿಲ್ಲಿಸುವುದಿಲ್ಲ.’ ಇಡೀ ನಾಗರಿಕತೆ ಬಂತಲ್ಲ ಸಾರ್ ಈ ಒಂದು ಸಾಲಿನಲ್ಲಿ!”

“ಮೋಟರು ಸಾರ್ ಅದು.”

“ಎಂಥಾ ರೂಪಕ!”

ತಮ್ಮನವರು ಇನ್ನೊಂದು ಸಲ ಬಾಯಿ ತೆರೆದರು. ಅಷ್ಟರಲ್ಲಿ ಪ್ರೊಫೆಸರು, “ಇಷ್ಟು ವಿನಯವಾಗಿ ಜಗಳ ಆಡೋ ಮನುಷ್ಯನನ್ನ ನಾನು ಸಾಹಿತ್ಯದಲ್ಲೇ ನೋಡಿಲ್ಲ. ಇವನನ್ನ ಒಂದು ಸಲ ಭೇಟಿ ಮಾಡ್ಬೇಕು ಅನ್ಸುತ್ತೆ,” ಎಂದರು. ತಮ್ಮನವರ ಬಾಯಿ ತೆರೆದದ್ದು ತೆರೆದಂತೆಯೇ ನಿಂತಿತು. ಅವರ ಬದುಕಿನಲ್ಲಿ ಯಾರೂ ಅವರ ಒಂದು ವಾಕ್ಯವನ್ನು ಎರಡು ಸಲ ಓದಿದ್ದಿಲ್ಲ. “ಹೌದು, ಹೌದು,” ಎಂದರು. ಪೆನ್ಸಿಲ್ ಹಿಂದಿರುಗಿಸಿ, ಪೆನ್ನು ತೆಗೆದುಕೊಂಡು ಮನೆಗೆ ಬಂದರು.

ಪೇಪರಿನಲ್ಲಿ ಸುದ್ದಿ ಬಂತು, ಆ ಮೇಲಿನವರ, ಟ್ಯಾಂಕಿನ ಸಂಭಾಷಣೆಗಳ ಸಮೇತ. ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ತಮ್ಮನವರು ಎದ್ದು ಹೋಗಿ ನೋಡಿದರೆ ಡ್ರಿಲ್ ಮಾಸ್ತರು, ಕೈಯಲ್ಲಿ ಪೇಪರು. ತಮ್ಮನವರು ಬಾಗಿಲನ್ನು ಅರ್ಧಕ್ಕೇ ಹಿಡಿದು ನಿಂತರು.

“ಈ ‘ಮೇಲಿನವರು’ ಯಾರು ಗೊತ್ತೇನ್ರೀ?” ಎಂದು ಮಾಸ್ತರು ಗುಡುಗಿದರು.

“ಪ್ರೊಫೆಸರು ದೇವರು ಅಂತಾರೆ...”

“ನಾನು ಕಣ್ರೀ! ಬೆಳಗಿನ ಜಾವ ಕುಣಿಯೋರು ಈ ಕಟ್ಟಡದಲ್ಲಿ ಇನ್ಯಾರಿದಾರೆ? ನಿಮ್ಮಣ್ಣ ಇಲ್ಲಿ ಕೂತು ನನ್ನ ವ್ಯಾಯಾಮ ಕೇಳಿಸ್ಕೊಂಡಿದಾರೆ. ಕೇಳಿಸ್ಕೊಂಡು ದೇವರ ಮಟ್ಟಕ್ಕೆ ಏರಿಸಿದಾರೆ. ಏನು ದೊಡ್ಡ ಮನಸ್ಸು!”

ಮರುದಿನದಿಂದ ಮಾಸ್ತರು ಅರ್ಧಗಂಟೆಯ ವ್ಯಾಯಾಮವನ್ನು ಒಂದು ಗಂಟೆಗೆ ಏರಿಸಿದರು, ‘ಒಂದ್-ಎರಡ್’ ಎಂದು ಕೂಗಿಕೊಂಡು. ನೆಂಟರನ್ನೂ ಕರೆದು ತೋರಿಸಿದರು. ಕಾರ್ಯದರ್ಶಿಯವರು ಹಿಂದಿನ ಬೇಸಿಗೆಯಲ್ಲಿ ತಾವೇ ಓಡಾಡಿ ಹಾಕಿಸಿದ್ದ ಹೊಸ ಮೋಟರಿನ ಸುತ್ತ ಹಗ್ಗ ಕಟ್ಟಿ, ಯಾರೂ ಮುಟ್ಟಬಾರದೆಂದು ಬೋರ್ಡು ತೂಗಿಸಿದರು. ಮುಟ್ಟುವವರಿಲ್ಲದೆ ಟ್ಯಾಂಕು ಇನ್ನಷ್ಟು ಹರಿಯಿತು. ಎಲ್ಲರಿಗಿಂತ ನೊಂದವರು ಟೈಲರಮ್ಮ.

“ಎಲ್ಲರೂ ಬಂದಿದಾರೆ ನಾಟಕದಲ್ಲಿ. ನಾವೇನು ಪಾಪ ಮಾಡಿದ್ವಿ ತಮ್ಮನವರೇ? ನಿಮ್ಮಣ್ಣನಿಗೆ ಒಂದು ಮಾತು ಬೈಯೋಕೂ ನಾವು ಬೇಡವಾದ್ವಾ?”

“ನಿಮ್ಮ ಮೇಲೆ ನನಗೆ... ಅಣ್ಣನಿಗೆ ಏನೂ ಸಿಟ್ಟಿರ್ಲಿಲ್ಲಮ್ಮಾ,” ಎಂದು ತಮ್ಮನವರು ಸಮಾಧಾನ ಹೇಳಿದರು. ಟೈಲರಮ್ಮ ಸಮಾಧಾನವಾಗದೆ, ಅಂದಿನಿಂದ ಸಿಟ್ಟು ಬರಿಸುವ ಪ್ರಯತ್ನದಲ್ಲಿ ತೊಡಗಿದರು.

ಒಬ್ಬರು ಮಾತ್ರ ಮೋಸಹೋಗಲಿಲ್ಲ. ಪ್ರೊಫೆಸರು ಕಳಿಸಿದ್ದ ಪ್ರತಿಯನ್ನು ತಮ್ಮನವರ ಹೆಂಡತಿ ಅಡಿಗೆಮನೆಯ ಕಟ್ಟೆಗೆ ಒರಗಿ ನಿಂತು ಓದುತ್ತಿದ್ದವರು, ಒಂದು ಕಡೆ ನಿಂತು, ಹಿಂದಕ್ಕೆ ತಿರುವಿ, ಮತ್ತೆ ಓದಿ, ಒಲೆ ಆರಿಸಿ ಹೊರಗೆ ಬಂದರು.

“ರೀ. ಇದು ನೀವು ಬರೆದದ್ದು.”

“ಯಾಕೆ ಹಾಗಂತೀಯ?”

“‘ನಾನು: ಈ ಸಲ ರಜೆಗೆ ನಿನ್ನ ತಂಗಿ ಮನೆಗೆ ಹೋಗೋದು ಬೇಡ. ಹೆಂಡತಿ: ಆಗಲಿ, ನೀವು ಹೇಳಿದ ಹಾಗೇ.’ ನಾನು ಯಾವತ್ರೀ ಹಾಗಂದಿದೀನಿ? ‘ನೀವು ಹೇಳಿದ ಹಾಗೇ’ ಅಂತೆ!”

“ಅನ್ನಬಹುದು ಅಂತ ಬರ್ಕೊಂಡಿದ್ದೆ ಕಣೇ.”

“ಮದುವೆಯಾಗಿ ಇಷ್ಟು ವರ್ಷ ಆಯ್ತು, ನಾನೇನಂತೀನಿ ಅಂತಾನೂ ಗೊತ್ತಾಗ್ಲಿಲ್ವಲ್ಲ ನಿಮಗೆ,” ಎಂದರು ಅವರು. ಆಮೇಲೆ ಸ್ವಲ್ಪ ಹೊತ್ತು ನಗಲೋ ಬೇಡವೋ ಎಂದು ನಿಂತಿದ್ದು, ನಗದೆ ಕೇಳಿದರು: “ಇಷ್ಟೆಲ್ಲಾ ಹೇಳೋದಿತ್ತಾ ನನಗೆ? ಹೇಳ್ಬಹುದಿತ್ತಲ್ಲ.”

ಇದಕ್ಕೂ ಏನೂ ಬರೆದುಕೊಂಡಿರಲಿಲ್ಲವಾದ್ದರಿಂದ ತಮ್ಮನವರು ಸುಮ್ಮನಿದ್ದರು.

ಹೆಂಡತಿಯ ಸಲಹೆ ಸ್ಪಷ್ಟವಾಗಿತ್ತು: ಹೋಗಿ ನಿಜ ಹೇಳಿ ಬನ್ನಿ. ತಮ್ಮನವರು ನಾಳೆ ಎಂದರು. ನಾಳೆಗಳು ಕಳೆದವು. ನಿಜ ಹೇಳಬೇಕೆಂದರೆ, ನಿಜ ಹೇಳುವ ಆತುರವೂ ಅವರಿಗೆ ಅಷ್ಟಿರಲಿಲ್ಲ. ದಾರಿಯಲ್ಲಿ ಹೋಗುವಾಗ ಬಾಯೊಳಗೇ ತಮ್ಮ ಸಾಲುಗಳನ್ನು ಹೇಳಿಕೊಂಡು, ‘ಹೌದಲ್ಲ, ಚೆನ್ನಾಗೇ ಇದೆ’ ಎಂದುಕೊಳ್ಳುತ್ತಿದ್ದರು. ಅಷ್ಟರಲ್ಲಿ ನಾಟಕದ ಸಾರ್ವಜನಿಕ ವಾಚನ ಗೊತ್ತಾಯಿತು, ನಟರು ಗೊತ್ತಾದರು, ಆಮಂತ್ರಣ ಬಂತು. ಅದರ ಕೆಳತುದಿಯಲ್ಲಿ ಹೀಗೆ ಅಚ್ಚಾಗಿತ್ತು: ‘ಕೊನೆಯ ದೃಶ್ಯ: ಅಣ್ಣ ಮತ್ತು ತಮ್ಮ’.

ತಮ್ಮನವರು ಆ ಸಾಲನ್ನು ಮತ್ತೊಮ್ಮೆ ಓದಿದರು. ಆ ಹಾಳೆಯೂ ಪೆಟ್ಟಿಗೆಯಲ್ಲಿತ್ತೆಂಬುದು ಅವರಿಗೆ ಮರೆತೇಹೋಗಿತ್ತು.

ಅದನ್ನು ಬರೆದದ್ದು ಆಸ್ಪತ್ರೆಯ ಮೊಗಸಾಲೆಯಲ್ಲಿ, ಅಣ್ಣನ ಕೊನೆಯ ದಿನಗಳಲ್ಲಿ. ಅದರ ಹಿಂದೆ ಬಹಳ ಹಳೆಯ ಸಂಗತಿಯೊಂದಿತ್ತು. ತಮ್ಮನವರು ಇನ್ನೂ ಮೀಸೆ ಮೂಡದ ಹುಡುಗನಾಗಿದ್ದಾಗ, ಆಗಲೇ ಮನೆ ಬಿಟ್ಟು ನಾಟಕ ತಂಡದವರ ಜೊತೆ ಬಾಡಿಗೆ ಕೋಣೆಯಲ್ಲಿದ್ದ ಅಣ್ಣ, ತನ್ನ ಮೊಟ್ಟಮೊದಲ ನಾಟಕದಲ್ಲಿ ತಮ್ಮನಿಗೊಂದು ಪಾತ್ರ ಕೊಟ್ಟಿದ್ದ. ಒಂದೇ ಒಂದು ವಾಕ್ಯದ ಪಾತ್ರ. ತಾಲೀಮಿನಲ್ಲಿ ಎಲ್ಲರೆದುರು ಆ ಒಂದು ವಾಕ್ಯ ಬರಲಿಲ್ಲ. ಅಣ್ಣ ರೇಗಿ, ಮನೆಗೆ ಹೋಗು ಎಂದ. ಹುಡುಗ ಮನೆಗೆ ಬಂದ. ಅಣ್ಣ ಮತ್ತೆಂದೂ ಕರೆಯಲಿಲ್ಲ; ಆ ನಾಟಕಕ್ಕೂ ಇಲ್ಲ, ಮುಂದಿನ ಯಾವುದಕ್ಕೂ ಇಲ್ಲ. ಆಮೇಲೆ ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು: ಅಪ್ಪನ ಆರೋಗ್ಯದ ಬಗ್ಗೆ, ಮನೆಯ ಸುಣ್ಣಬಣ್ಣದ ಬಗ್ಗೆ, ಪೆಟ್ಟಿಗೆಗಳ ಬಗ್ಗೆ. ಇದೊಂದನ್ನು ಬಿಟ್ಟು.

ಆಸ್ಪತ್ರೆಗೆ ತಮ್ಮನವರು ದಿನವೂ ಹೋಗುತ್ತಿದ್ದರು, ಜೇಬಿನಲ್ಲಿ ಆ ಹಾಳೆ. ಅಣ್ಣ ಕಣ್ಣು ತೆರೆದು, “ಏನಾದ್ರೂ ಹೇಳೋದಿದೆಯಾ?” ಎಂದು ಕೇಳುತ್ತಿದ್ದ. ಇವರು, “ಏನಿಲ್ಲ, ಸುಮ್ನೆ ಹೀಗೇ ಬಂದೆ,” ಎನ್ನುತ್ತಿದ್ದರು. ಒಂದು ದಿನ ಹೋದಾಗ ಅಣ್ಣ ಕಣ್ಣು ತೆರೆಯಲಿಲ್ಲ.

ಈಗ ಪ್ರೊಫೆಸರಿಗೆ ನಿಜ ಹೇಳಲೇಬೇಕಾಯಿತು. ತಮ್ಮನವರು ಮೇಜಿನ ಮುಂದೆ ಕೂತು ‘ನಾನು’ ಎಂದು ಬರೆದು, ಎರಡು ಚುಕ್ಕಿ ಇಟ್ಟು, ಈ ಹಾಳೆಯೂ ಹೋಗಿ ಪತ್ರಾಗಾರ ಸೇರಿದರೆ ಏನು ಗತಿ ಎಂದು ಹೆದರಿ, ಚೂರುಚೂರು ಮಾಡಿ ಎಸೆದರು. ವಾಚನದ ದಿನ ಅವರು ಖಾಲಿ ಜೇಬಿನಲ್ಲಿ ಹೊರಟರು.

ಅದು ಭಾನುವಾರದ ಮಧ್ಯಾಹ್ನ. ಸಭಾಂಗಣ ಸಣ್ಣದು, ಸಂಜೆಗೆ ಅಲ್ಲೇ ಶಾಲೆಯೊಂದರ ಬಹುಮಾನ ವಿತರಣೆಯಿತ್ತಾದ್ದರಿಂದ ವೇದಿಕೆಯ ಮೂಲೆಯಲ್ಲಿ ಬಲೂನುಗಳ ಗೊಂಚಲು ಆಗಲೇ ತೂಗುತ್ತಿತ್ತು. ಮುಂದಿನ ಸಾಲಿನಲ್ಲಿ ಅತ್ತಿಗೆ, ಪಕ್ಕದಲ್ಲಿ ತಮ್ಮನವರು, ಆಚೆಗೆ ಅವರ ಹೆಂಡತಿ. ಹಿಂದಿನ ಸಾಲು ಪೂರ್ತಿ ಕಟ್ಟಡದವರದು. ನಟರು ಕಪ್ಪು ಬಟ್ಟೆ ತೊಟ್ಟು, ಎತ್ತರದ ಸ್ಟೂಲುಗಳ ಮೇಲೆ ಕೂತು ಓದತೊಡಗಿದರು. ಮೇಲಿನವರ ಮಾತು ಬಂದಾಗ ಡ್ರಿಲ್ ಮಾಸ್ತರು ಎದ್ದು ನಿಂತು ಸಭೆಗೆ ಕೈಮುಗಿದರು. ಮೋಟರಿನ ಪ್ರಸ್ತಾಪ ಬಂದಾಗ ಕಾರ್ಯದರ್ಶಿ ಅಕ್ಕಪಕ್ಕದವರ ಕೈ ಕುಲುಕಿದರು. ‘ಆಗಲಿ, ನೀವು ಹೇಳಿದ ಹಾಗೇ’ ಎಂದು ನಟಿ ಮೃದುವಾಗಿ ಓದಿದಾಗ ತಮ್ಮನವರ ತೊಡೆಗೆ ಒಂದು ಚಿವುಟು ಬಿತ್ತು.

ಕೊನೆಯ ದೃಶ್ಯಕ್ಕೆ ದೀಪ ಕಡಿಮೆ ಮಾಡಿದರು. ಇಬ್ಬರು ನಟರು ಉಳಿದರು. 

“ಅಣ್ಣ, ಒಂದು ಮಾತು ಕೇಳಬೇಕಾಗಿತ್ತು,” ಎಂದ ಕಿರಿಯ ನಟ.

“ಕೇಳು.”

“ಆವತ್ತಿನ ಮೇಲೆ ನೀನು ನನ್ನನ್ನು ಕರೆಯಲೇ ಇಲ್ಲವಲ್ಲ. ಯಾಕೆ?”

ಹಿರಿಯ ನಟ ಬಹಳ ಹೊತ್ತು ಸುಮ್ಮನಿದ್ದ. ಹಾಗಿರಬೇಕೆಂದು ತಮ್ಮನವರೇ ಬರೆದಿದ್ದರು. ಆಮೇಲೆ ನಿಧಾನವಾಗಿ ಓದಿದ: “ತಪ್ಪಾಯಿತು ಕಣೋ. ಊರಿನವರನ್ನೆಲ್ಲ ಕರೆದೆ. ಕರೆಯಬೇಕಾದವನನ್ನು ಕರೆಯಲಿಲ್ಲ.”

ಸಭಾಂಗಣದಲ್ಲಿ ಯಾರ ಮೂಗೋ ಸೊರ್ರೆಂದಿತು. ಅತ್ತಿಗೆ ಕತ್ತಲಲ್ಲಿ ಕೈ ಚಾಚಿ ತಮ್ಮನವರ ಮುಂಗೈ ಹಿಡಿದರು. “ನೋಡಿದ್ಯೇನೋ,” ಎಂದರು ಪಿಸುದನಿಯಲ್ಲಿ, “ಬಾಯಿಬಿಟ್ಟು ಹೇಳ್ಲಿಲ್ಲ, ಬರೆದಿಟ್ಟಿದ್ರು. ನಿನ್ನ ವಿಷಯದಲ್ಲಿ ಅವರ ಮೇಲೆ ನನಗೊಂದು ಸಿಟ್ಟಿತ್ತು. ಇವತ್ತು ಹೋಯ್ತು.”

ಆ ಕೈ ಹಾಗೇ ಇನ್ನೊಂದು ನಿಮಿಷ ಇದ್ದಿದ್ದರೆ ತಮ್ಮನವರು ಸುಮ್ಮನಿದ್ದುಬಿಡುತ್ತಿದ್ದರೇನೋ. ಆದರೆ ಅದು ಅವರಿಗೆ ಕೊಟ್ಟ ಕೈಯಾಗಿರಲಿಲ್ಲ. ಅವರು ಕಟ್ಟಿದ ಸುಳ್ಳಿಗೆ ಕೊಟ್ಟ ಕೈ. ಅವರು ಎದ್ದು ನಿಂತರು.

“ನಿಲ್ಸಿ!” ಎಂದು ಕೂಗಿದರು. ತಮ್ಮ ದನಿ ಅಷ್ಟು ದೊಡ್ಡದೆಂದು ಅವರಿಗೇ ಗೊತ್ತಿರಲಿಲ್ಲ. “ಅದು ಅಣ್ಣ ಬರೆದದ್ದಲ್ಲ! ಅಣ್ಣ ಹಾಗನ್ಲಿಲ್ಲ. ನಾನು ಕೇಳ್ಲೂ ಇಲ್ಲ. ಎಲ್ಲಾ ನಾನೇ ಬರ್ಕೊಂಡಿದ್ದು. ಕೇಳೋದನ್ನೂ ನಾನೇ, ಅವನು ಹೇಳೋದನ್ನೂ ನಾನೇ... ಅವನು ಏನಂತಿದ್ನೋ ನನಗೆ ಗೊತ್ತಿಲ್ಲ!”

ಅನಂತರ ಚಪ್ಪಾಳೆ ಬಿತ್ತು. ಅಂತಿಂಥ ಚಪ್ಪಾಳೆಯಲ್ಲ, ಜನ ಎದ್ದು ನಿಂತು ಹೊಡೆದ ಚಪ್ಪಾಳೆ. ಇಂಥ ಕೊನೆಯನ್ನು ಯಾರೂ ಎಣಿಸಿರಲಿಲ್ಲ. ಪ್ರೇಕ್ಷಕರ ನಡುವೆಯೇ ಒಬ್ಬ ನಟನನ್ನು ಕೂರಿಸಿದ್ದಾರಲ್ಲ ಎಂದು ಎಲ್ಲರೂ ಮೆಚ್ಚಿಕೊಂಡರು. “ನಿಜ ಹೇಳ್ತಿದೀನ್ರೀ!” ಎಂದು ತಮ್ಮನವರು ಅಂಗಲಾಚಿದರು. ಚಪ್ಪಾಳೆ ಇನ್ನಷ್ಟು ಏರಿತು. “ನಮ್ಮ ಕಟ್ಟಡದವರು!” ಎಂದು ಕಾರ್ಯದರ್ಶಿ ಕೂಗಿದರು.

ಪ್ರೊಫೆಸರು ಓಡಿಬಂದು ಅಪ್ಪಿಕೊಂಡರು. ತಮ್ಮನವರು ಅವರ ಅಂಗಿ ಹಿಡಿದು ಕಿವಿಯ ಹತ್ತಿರ ಮತ್ತೊಮ್ಮೆ ಎಲ್ಲ ಹೇಳಿದರು. ಪ್ರೊಫೆಸರ ಮುಖ ಮೊದಲು ನಕ್ಕಿತು, ಆಮೇಲೆ ಬಿಗಿಯಿತು.

“ನೀವು ಬರೆದದ್ದು ಅಂತೀರಿ. ಸರಿ. ಹಾಗಾದ್ರೆ ಹೇಳಿ, ಮೇಲಿನವರು ಯಾರು?”

“ಇವರೇ ಸಾರ್, ಡ್ರಿಲ್ ಮಾಸ್ತರು.”

“ಟ್ಯಾಂಕು ಅಂದ್ರೆ?”

“ಟ್ಯಾಂಕೇ ಸಾರ್.”

“ನೋಡಿದ್ರಾ?” ಎಂದು ಪ್ರೊಫೆಸರು ನೊಂದು ನುಡಿದರು. “ಇಷ್ಟು ಒರಟು ಓದು ಓದೋರು ಇಂಥದ್ದನ್ನ ಬರೆಯೋಕೆ ಸಾಧ್ಯವೇ ಇಲ್ಲ.”

“ಸಾರ್, ಅದರಲ್ಲಿ ಬರೋ ಹೊಸ ಮೋಟರು ಹಾಕಿಸಿದ್ದೇ ಅಣ್ಣ ಹೋದ ಮೇಲೆ. ಅವನು ಅದನ್ನ ಹೇಗೆ ಬರೀತಾನೆ?”

ಪ್ರೊಫೆಸರು ಒಂದು ಗಳಿಗೆ ತಡವರಿಸಿದರು. ಆಮೇಲೆ ಅವರ ಕಣ್ಣು ಹೊಳೆಯಿತು. “ದಾರ್ಶನಿಕ!” ಎಂದರು. “ಮುಂದೆ ಬರೋ ಮೋಟರನ್ನೂ ಕಂಡಿದಾರೆ!” ಹಾಗೆಂದು ಅದನ್ನು ಮರೆಯುವ ಮೊದಲು ಬರೆದುಕೊಳ್ಳಲು ಹೊರಟುಹೋದರು.

ಪತ್ರಾಗಾರದ ಮೇಡಂ ಮಾತ್ರ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ನಾನು ನಂಬ್ತೀನಿ ಸಾರ್,” ಎಂದರು. “ನಿರ್ದೇಶಕರ ಕಾಗದ ಅಷ್ಟು ನೋಡಿದೀನಿ, ಯಾರಿಗೂ ಒಂದು ಸಲವೂ ‘ದಯವಿಟ್ಟು’ ಅಂತ ಬರೆದಿಲ್ಲ. ಆ ಪೆಟ್ಟಿಗೆ ಬೇರೆ ಇಡ್ತೀನಿ. ನಾಳೆ ಬನ್ನಿ, ಮಾತಾಡೋಣ.”

ಜನ ಕರಗಿದರು. ಹೆಂಡತಿ ಒಮ್ಮೆ ಅತ್ತಿಗೆಯ ಮುಖ ನೋಡಿ, ಒಮ್ಮೆ ಗಂಡನ ಮುಖ ನೋಡಿ, “ನಾನು ಹೊರಗಿರ್ತೀನಿ,” ಎಂದು ಕಟ್ಟಡದವರನ್ನೆಲ್ಲ ಹೊರಡಿಸಿಕೊಂಡು ಹೋದರು. ಸಂಜೆಯ ಕಾರ್ಯಕ್ರಮದವರು ಬಂದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. ಅತ್ತಿಗೆ ಕೂತಲ್ಲಿಂದ ಎದ್ದಿರಲಿಲ್ಲ.

“ನಿಂಗೇನು ಬಂದಿತ್ತೋ?” ಎಂದರು ಕೊನೆಗೆ. “ಒಂದು ಗಳಿಗೆ ಸುಮ್ನಿದ್ದಿದ್ರೆ ನಾನು ಅದನ್ನೇ ನಂಬ್ಕೊಂಡು ನೆಮ್ಮದಿಯಾಗಿ ಇರ್ತಿದ್ದೆ.”

“ಅದಕ್ಕೇ ಅತ್ತಿಗೆ. ಇರೋಕಾಗ್ಲಿಲ್ಲ.”

“ಇಷ್ಟು ವರ್ಷ ಸುಮ್ನಿದ್ದೋನು ಇವತ್ತೇ ಬಾಯಿ ಬಿಡಬೇಕಾಗಿತ್ತಾ?” ಅತ್ತಿಗೆ ಸೆರಗಿನಲ್ಲಿ ಮೂಗು ಒರೆಸಿಕೊಂಡರು. “ಆವತ್ತಿನ ಮೇಲೆ ಕರೀಲಿಲ್ಲ ಅಂತ ಬರ್ದಿದೀಯಲ್ಲ. ಯಾವತ್ತು?”

ತಮ್ಮನವರು ಹೇಳಿದರು. ತಾಲೀಮು, ಬಾರದ ವಾಕ್ಯ, ಮನೆಗೆ ಹೋಗು. ಅತ್ತಿಗೆ ಹುಬ್ಬು ಗಂಟಿಕ್ಕಿಕೊಂಡು ಕೇಳಿದರು. ಮದುವೆಗೆ ಮುಂಚೆ ಅವರೂ ಆ ತಂಡದಲ್ಲಿ ನಟಿಯಾಗಿದ್ದವರು.

“ನಾನು ಅಲ್ಲೇ ಇದ್ದೆ ಕಣೋ. ಅವರು ಹೇಳಿದ್ದು, ‘ಮನೆಗೆ ಹೋಗು, ಬಾಯಿಪಾಠ ಮಾಡು, ನಾಳೆ ಬಾ’ ಅಂತ. ಅವರು ‘ಹೋಗು’ ಅನ್ನೋಷ್ಟರಲ್ಲಿ ನೀನು ಚಪ್ಪಲಿ ಮೆಟ್ಕೊಂಡು ಬೀದಿಗಿಳಿದಿದ್ದೆ. ಮಿಕ್ಕಿದ್ದನ್ನ ಅವರು ಬಾಗಿಲಿಗೆ ಹೇಳಿದ್ರು.”

ತಮ್ಮನವರು ಕಾಲಲ್ಲಿದ್ದ ಚಪ್ಪಲಿ ನೋಡಿಕೊಂಡರು.

“ನಾಳೆ ಬರ್ತಾನೆ, ನಾಳೆ ಬರ್ತಾನೆ ಅಂತ ಆ ಪಾತ್ರಕ್ಕೆ ಬೇರೆಯವರನ್ನ ಹಾಕೋಕೆ ಬಿಡ್ಲಿಲ್ಲ. ನಾಟಕದ ದಿನವೂ ನೀನು ಬರ್ಲಿಲ್ಲ. ನೀನು ಬರೋ ಕಡೆ ಬಾಗಿಲು ತೆಗೀತು, ಯಾರೂ ಬರ್ಲಿಲ್ಲ, ಬಾಗಿಲು ಮುಚ್ಕೊಂಡ್ತು. ಜನ ಏನೋ ದೊಡ್ಡ ಅರ್ಥ ಇದೆ ಅಂತ ಬೆರಗಾಗಿ ನೋಡಿದ್ರು. ಮಾರನೇ ದಿನ ಪೇಪರಲ್ಲೆಲ್ಲ ಆ ಖಾಲಿ ಬಾಗಿಲಿನದೇ ಮಾತು. ಅಲ್ಲಿಂದಲೇ ಅವರಿಗೆ ಹೆಸರು ಬಂದಿದ್ದು. ಆಮೇಲೆ ಪ್ರತಿ ನಾಟಕದಲ್ಲೂ, ಪ್ರತಿ ಸಿನಿಮಾದಲ್ಲೂ ಒಂದು ಬಾಗಿಲು ತೆಗೆದು ಮುಚ್ಚಿಸ್ತಿದ್ರಲ್ಲ, ನೀನು ನೋಡಿಲ್ವಾ?”

“ನೋಡಿದೀನಿ. ಏನೋ ಕಲೆ ಇರಬೇಕು ಅಂದ್ಕೊಂಡಿದ್ದೆ.”

ಅತ್ತಿಗೆಗೆ ನಗು ಬಂತು. ನಗು ಬರುತ್ತ ಬರುತ್ತ ಕಣ್ಣೂ ತುಂಬಿತು. “ಪ್ರೊಫೆಸರಿಗೆ ಹೇಳ್ಬೇಡ ಮಾರಾಯ, ಇನ್ನೊಂದು ಪುಸ್ತಕ ಬರೀತಾರೆ. ಅವನಿಗೆ ನಾಟಕ ಅಂದ್ರೆ ಆಗಲ್ಲ, ಬಲವಂತ ಮಾಡಬಾರದು ಅಂತ ನನ್ನ ಹತ್ರ ಹೇಳ್ತಿದ್ರು. ಹೋಗಿ ಕೇಳಿ ಅಂದ್ರೆ, ಹೇಗೆ ಕೇಳೋದು ಅಂತಿದ್ರು. ಊರೋರಿಗೆಲ್ಲ ಮಾತು ಹೇಳ್ಕೊಟ್ಟೋರು!”

“ಆಸ್ಪತ್ರೇಲಿ ದಿನಾ ಕೇಳ್ತಿದ್ದ, ಏನಾದ್ರೂ ಹೇಳೋದಿದೆಯಾ ಅಂತ.”

“ಅದು ಅವರು ನಿನ್ನ ಕೇಳಿದ್ದಲ್ಲ ಕಣೋ. ಅವರಿಗೆ ಹೇಳೋದಿತ್ತು.”

ತಮ್ಮನವರು ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತ ಕೂತರು. ಜೀವಮಾನವಿಡೀ ಅವರು ಎಲ್ಲರ ಉತ್ತರಗಳನ್ನೂ ತಾವೇ ಬರೆದುಕೊಂಡಿದ್ದರು: ಮೇಲಿನವರದು, ಹೆಂಡತಿಯದು, ಅಂಗಡಿಯವರದು. ಎಲ್ಲರೂ ಅವರ ಹಾಳೆಯಲ್ಲಿ ಬಹಳ ಒಳ್ಳೆಯವರಾಗಿದ್ದರು. ಅಣ್ಣನಂತೂ ತಪ್ಪೊಪ್ಪಿಕೊಂಡಿದ್ದ. ಆದರೆ ಅಣ್ಣ ಮಾಡದ ತಪ್ಪನ್ನು ಒಪ್ಪಿಕೊಂಡಿದ್ದ. ಅವನು ನಿಜವಾಗಿ ಹೇಳಬೇಕೆಂದಿದ್ದದ್ದು ಅವರು ಬರೆದ ಯಾವ ಸಾಲಿನಲ್ಲೂ ಇರಲಿಲ್ಲ, ಬರೆಯಲು ಅವರಿಗೆ ಹೊಳೆಯುವಂಥದ್ದೂ ಆಗಿರಲಿಲ್ಲ.

“ನಾನು ಮಾರನೇ ದಿನ ಹೋಗಬೇಕಾಗಿತ್ತು ಅತ್ತಿಗೆ,” ಎಂದರು.

“ಅವರೂ ಬರಬೇಕಾಗಿತ್ತು.”

ಸುತ್ತಲ ಕುರ್ಚಿಗಳೆಲ್ಲ ಗೋಡೆ ಸೇರಿ, ನಡುವೆ ಅವರು ಕೂತ ಎರಡು ಮಾತ್ರ ಉಳಿದಿದ್ದವು. ಕುರ್ಚಿ ಎತ್ತುವವನು ಅವರ ಮುಂದೆ ಬಂದು ನಿಂತ. ದಪ್ಪ ಮೀಸೆಯ, ಅವಸರದ ಮನುಷ್ಯ. “ಸಾರ್, ಸ್ವಲ್ಪ ಎದ್ರೆ ಇವೆರಡೂ ತಗೊಂಡುಬಿಡ್ತೀನಿ,” ಎಂದ.

ತಮ್ಮನವರು ತಲೆಯೆತ್ತಿ ಅವನ ಮುಖ ನೋಡಿದರು.

“ಸ್ವಲ್ಪ ಹೊತ್ತು ಇರಲಿ,” ಎಂದರು. “ನಾವು ಮಾತಾಡ್ತಾ ಇದೀವಿ.”

“ಆಗ್ಲಿ ಸಾರ್, ಕೂತ್ಕೊಳ್ಳಿ,” ಎಂದು ಅವನು ಹೊರಟುಹೋದ.

ಅವನು ಹೋದ ದಿಕ್ಕನ್ನೇ ತಮ್ಮನವರು ಬಹಳ ಹೊತ್ತು ಬೆರಗಿನಿಂದ ನೋಡುತ್ತಿದ್ದರು.